ಎಲ್ಲ ಕೈಗಳೂ ಒಟ್ಟಿಗೆ ಎದ್ದಾಗ

ನಮ್ಮಣ್ಣನಿಗೆ ಆಫೀಸಿನಲ್ಲಿ ‘ತುದಿ ಸಾರ್’ ಎಂದು ಹೆಸರು. ಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಎದುರಿಗೇ ಕರೆಯುವಷ್ಟು ರೂಢಿಯಾಯಿತು, ಅವನೂ ಓಗೊಡುತ್ತಿದ್ದ. ಯಾರು ಯಾವ ನಕ್ಷೆ ತಂದು ಮುಂದಿಟ್ಟರೂ ಅವನು ಮೊದಲು ಕೇಳುತ್ತಿದ್ದದ್ದು ಒಂದೇ: ಈ ಗೆರೆಯ ತುದಿಯಲ್ಲಿ ಏನಿದೆ? ಮನೆಯಲ್ಲೂ ಅದೇ ಬುದ್ಧಿ. ಹೊರಬಾಗಿಲು ಗೋಡೆಗೆ ಬಡಿದು ವಾಪಸು ಬರುತ್ತದೆಂದು ಗೋಡೆಗೆ ಹಳೆಯ ರಬ್ಬರ್ ಚಪ್ಪಲಿಯ ತುಂಡು ಅಂಟಿಸಿದವನು. ಮನೆಗೆ ಬಂದವರು ಮೊದಲು ಆ ಚಪ್ಪಲಿಯನ್ನು ನೋಡುತ್ತಿದ್ದರು, ಆಮೇಲೆ ನಮ್ಮ ಮುಖವನ್ನು.

ನಾನು ಔಷಧದಂಗಡಿಯಲ್ಲಿ ಮಾತ್ರೆ ಕತ್ತರಿಸಿ ಕೊಡುವವಳು. ಅವನ ವಿದ್ಯೆ ನನ್ನ ತಲೆಗೆ ಹತ್ತಿದ್ದು ಇಷ್ಟೇ. ಅಂಗೈ ಅಗಲದ ಹಸಿರು ಬೋರ್ಡು. ಅದರ ಮೇಲೆ ಲೆಕ್ಕ ಮಾಡುವ ಒಂದು ಚಿಪ್ಪು, ನೆನಪಿಟ್ಟುಕೊಳ್ಳುವ ಇನ್ನೊಂದು ಚಿಪ್ಪು. ಎರಡರ ನಡುವೆ ಕೂದಲೆಳೆಯಂಥ ತಾಮ್ರದ ಗೆರೆಗಳು. ಆ ಗೆರೆಗಳು ಎಲ್ಲಿ ಹೊರಟು ಎಲ್ಲಿ ಬಳಸಿ ಎಲ್ಲಿ ಮುಟ್ಟಬೇಕು ಎಂದು ಕಂಪ್ಯೂಟರಿನಲ್ಲಿ ಬರೆಯುವುದು ಅಣ್ಣನ ಕೆಲಸ. ಗೆರೆಯ ಮೇಲೆ ಸಿಗ್ನಲ್ ಎಷ್ಟು ಜೋರಾಗಿ ಓಡುತ್ತದೆಂದರೆ, ತುದಿಯಲ್ಲಿ ಅದನ್ನು ಹೀರಿಕೊಳ್ಳಲು ಒಂದು ಪುಟ್ಟ ರೆಸಿಸ್ಟರ್ ಇಲ್ಲದಿದ್ದರೆ ಬಡಿದು ಹಿಂದಕ್ಕೆ ಬರುತ್ತದೆ, ಬೆನ್ನಿಗೇ ಹೊರಟ ಮುಂದಿನ ಸಿಗ್ನಲ್ಲಿಗೆ ಡಿಕ್ಕಿ ಹೊಡೆಯುತ್ತದೆ. ಅವನ ಚಪ್ಪಲಿಯ ತುಂಡು ಮಾಡುತ್ತಿದ್ದ ಕೆಲಸವನ್ನೇ ಅಲ್ಲಿ ಆ ರೆಸಿಸ್ಟರ್ ಮಾಡುತ್ತದೆ.

ಅದಕ್ಕಿಂತ ದೊಡ್ಡ ಪೀಡೆ ಇನ್ನೊಂದಿತ್ತು. ಎಲ್ಲ ಗೆರೆಗಳೂ ಒಂದೇ ಗಳಿಗೆಯಲ್ಲಿ ಸೊನ್ನೆಯಿಂದ ಒಂದಕ್ಕೆ ಹಾರಿದರೆ, ಅವೆಲ್ಲ ಯಾವ ನೆಲದ ಮೇಲೆ ನಿಂತಿವೆಯೋ, ಸೊನ್ನೆ ಎಲ್ಲಿದೆ ಎಂದು ಅಳೆಯುವ ಬೋರ್ಡಿನ ಆ ನೆಲವೇ ಎಗರುತ್ತದಂತೆ. ಆಗ ಅಲ್ಲಾಡದೆ ಸುಮ್ಮನಿದ್ದ ಗೆರೆಯೂ ಅಲ್ಲಾಡಿದಂತೆ ಕಾಣುತ್ತದೆ. ನನಗೆ ಅರ್ಥವಾಗದಾಗ ಅಣ್ಣ ನನ್ನನ್ನೂ ಅಮ್ಮನನ್ನೂ ಮುಂಬಾಗಿಲ ಬೆಂಚಿನ ಮೇಲೆ ಕೂರಿಸಿ, ತಾನು ತುದಿಯಲ್ಲಿ ಕೂತ. ನಾವಿಬ್ಬರೂ ಒಟ್ಟಿಗೆ ಎದ್ದೆವು. ಬೆಂಚು ಮಗುಚಿ ಅವನು ಬಿದ್ದ. ಬಿದ್ದಲ್ಲಿಂದಲೇ, ನಾನು ಎದ್ದೆನಾ, ಇಲ್ಲ ತಾನೇ, ಆದರೂ ನೋಡು ಎಂದ. ಓದಿದ ಎಂಜಿನಿಯರ್ ನೆಲದ ಮೇಲೆ ಬಿದ್ದುಕೊಂಡು ಪಾಠ ಹೇಳುವುದನ್ನು ನೋಡಿ ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಣ್ಣ ಇಷ್ಟೊಂದು ಮಾತಾಡುತ್ತಿದ್ದದ್ದು ಗೆರೆಗಳ ವಿಷಯಕ್ಕೆ ಮಾತ್ರ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಬೆಳ್ಳಿಯೆಲ್ಲ ಅಪ್ಪನದು, ಬಂಗಾರವೆಲ್ಲ ಅಣ್ಣನದು. ಅಪ್ಪ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಗೆ, ಎಷ್ಟು ಗಂಟೆಗೆ ಎಂದು ಕೂಗಿ ಹೇಳುವ ಕೆಲಸದವರು. ಮಾತಿಗೆ ಮುಂಚೆ ಎರಡು ಬೆರಳಿನಿಂದ ಮೈಕನ್ನು ಟಕ್ ಟಕ್ ಎಂದು ಬಡಿದು ನೋಡುವುದು ಅವರ ಅಭ್ಯಾಸ. ಆ ಸದ್ದು ಕೇಳಿದರೆ ಸಾಕು, ಮಲಗಿದ್ದವರು ಗಂಟು ಮೂಟೆ ಎತ್ತಿಕೊಳ್ಳುತ್ತಿದ್ದರು. ಊರಿಗೆಲ್ಲ ಕೇಳುವ ಆ ಗಂಟಲು ಮನೆಯಲ್ಲಿ ಮಾತ್ರ ಮೆತ್ತಗಾಗುತ್ತಿತ್ತು. ಸಂಜೆ ಅಣ್ಣ ಚಪ್ಪಲಿ ಬಿಟ್ಟು ಒಳಗೆ ಬಂದಾಗ ಪೇಪರಿನಿಂದ ತಲೆಯೆತ್ತದೆ ಮೆಲ್ಲಗೆ, “ಊಟ ಆಯ್ತಾ ಮಗಾ?” ಎನ್ನುವರು. ಊಟದ ಹೊತ್ತಾಗಿರಲಿ, ಬಿಡಲಿ. ಉಂಡಿರಲಿ, ಬಿಡಲಿ, ಅಣ್ಣ “ಆಯ್ತಪ್ಪ” ಎನ್ನುವನು. ತಂದೆ ಮಗನ ಆ ದಿನದ ಮಾತುಕತೆ ಅಲ್ಲಿಗೆ ಮುಗಿಯಿತು.

ಅಣ್ಣನ ಕಂಪನಿ ತಯಾರಿಸುತ್ತಿದ್ದದ್ದು ದನಿ ಕಳೆದುಕೊಂಡವರಿಗೆ ಮಾತಾಡುವ ಡಬ್ಬಿ. ಕೊರಳಿಗೆ ನೇತುಹಾಕಿಕೊಂಡು ಗುಂಡಿ ಒತ್ತಿದರೆ, ಮೊದಲೇ ತುಂಬಿಟ್ಟ ಅವರದೇ ದನಿಯ ಮಾತು ಹೊರಗೆ ಬರುತ್ತದೆ. ಹಳೆಯ ಡಬ್ಬಿ ಇಟ್ಟಿಗೆಯಷ್ಟು ದಪ್ಪ, ಕತ್ತು ನೋಯುತ್ತದೆಂದು ದೂರು. ಹೊಸದನ್ನು ತೆಳ್ಳಗೆ ಮಾಡಲು ಹೊರಟರು. ತೆಳ್ಳಗಾಗಬೇಕಾದರೆ ಬ್ಯಾಟರಿ ಅಗಲವಾಗಬೇಕು, ಬ್ಯಾಟರಿ ಅಗಲವಾದರೆ ಬೋರ್ಡಿನಲ್ಲಿ ಏನಾದರೂ ಜಾಗ ಬಿಡಬೇಕು. ಗೆರೆಗಳ ತುದಿಯ ರೆಸಿಸ್ಟರ್‌ಗಳೂ, ಚಿಪ್ಪಿಗೆ ಥಟ್ಟನೆ ಕರೆಂಟು ಬೇಕಾದಾಗ ಕೊಡಲೆಂದು ಪಕ್ಕದಲ್ಲೇ ಇಟ್ಟಿದ್ದ ಚಿಕ್ಕ ಕೆಪಾಸಿಟರ್‌ಗಳಲ್ಲಿ ಬಹುಪಾಲೂ ಹೋದವು. ಇದ್ದರೂ ನಡೆಯುತ್ತೆ, ಇಲ್ಲದಿದ್ದರೂ ನಡೆಯುತ್ತೆ ಎಂದು ಮೇಲಿನವರ ಮಾತು. ಮೇಜಿನ ಮೇಲೆ ಇಟ್ಟು ಪರೀಕ್ಷೆ ಮಾಡಿದರು; ನಡೆಯಿತು.

ಆ ಕಂಪನಿಯಲ್ಲಿ ಒಂದು ಪದ್ಧತಿ. ಬೋರ್ಡು ಕಾರ್ಖಾನೆಗೆ ಹೋಗುವ ಮುಂಚೆ ಎಲ್ಲರೂ ಒಂದು ಮೇಜಿನ ಸುತ್ತ ಕೂರಬೇಕು. ಹೋಗಲಿ ಅನ್ನುವವರು ಕೈ ಎತ್ತಬೇಕು. ಒಂದೇ ಒಂದು ಕೈ ಕೆಳಗಿದ್ದರೂ ಬೋರ್ಡು ವಾಪಸು ಬರೆದವನ ಮೇಜಿಗೆ. ಹೆಸರಿಗೆ ಬಹಳ ಒಳ್ಳೆಯ ಪದ್ಧತಿ. ತೆಳ್ಳಗಿನ ಡಬ್ಬಿಯ ಸಭೆಯಿದ್ದ ಬೆಳಿಗ್ಗೆ ಅಣ್ಣ ಅಂಗಿಗೆ ಇಸ್ತ್ರಿ ಮಾಡಿಕೊಳ್ಳುತ್ತಾ, ಇವತ್ತು ನಾನು ಕೈ ಎತ್ತಲ್ಲ ಎಂದು ಅಮ್ಮನಿಗೆ ಹೇಳಿ ಹೋಗಿದ್ದ. ಅಮ್ಮ ಏನು ಎತ್ತ ಕೇಳದೆ, ಹೂಂ ಎತ್ತಬೇಡ ಎಂದು ಹರಸಿ ಕಳಿಸಿದ್ದಳು.

ಸಂಜೆ ಬಂದವನು ಬೆಂಚಿನ ಮೇಲೆ ಕೂತು ತನ್ನ ಬಲಗೈಯನ್ನೇ ನೋಡುತ್ತಿದ್ದ. ನಾನು ಏನಾಯ್ತು ಅಂದೆ.

“ಎತ್ತಿಬಿಟ್ಟೆ ಪುಟ್ಟಿ.”

“ಯಾರಾದ್ರೂ ಹೆದರಿಸಿದ್ರಾ?”

“ಇಲ್ಲ. ಯಾರೂ ನನ್ನ ಕಡೆ ನೋಡ್ಲೂ ಇಲ್ಲ. ಎಲ್ಲರ ಕೈ ಒಂದೇ ಸಲ ಮೇಲಕ್ಕೆ ಹೋಯ್ತು. ನೋಡ್ತೀನಿ, ನಂದೂ ಮೇಲಿತ್ತು.”

ನನಗೆ ಮೈ ಉರಿಯಿತು. ಇಷ್ಟು ವರ್ಷ ಊರಿಗೆಲ್ಲ ಬೆಂಚಿನ ಕಥೆ ಹೇಳಿದವನಿಗೆ ತಾನು ಕೂತ ಬೆಂಚು ಕಾಣಲಿಲ್ಲವೇ ಎಂದು ಕೂಗಾಡಿದೆ. ನಾಳೆ ಹೋಗಿ ಹೇಳು ಎಂದೆ. ಹೇಳಿದನಂತೆ. ಬೋರ್ಡು ಕಾರ್ಖಾನೆಗೆ ಹೋಗಿಯಾಗಿತ್ತು, ನಿಮ್ಮ ಕೈಯೂ ಎದ್ದಿತ್ತಲ್ಲ ಸಾರ್ ಎಂದರಂತೆ.

ತೆಳ್ಳಗಿನ ಡಬ್ಬಿಗಳು ಹೊರಬಂದವು, ಜನರ ಕೊರಳೇರಿದವು. ದೂರು ಬರಲಿಲ್ಲ. ನಾನೂ ಇವನದು ಅತಿಯಾಯಿತು ಅಂದುಕೊಂಡು ಮರೆತೆ. ಅಷ್ಟರಲ್ಲಿ ಅಪ್ಪನ ದನಿ ಒಡೆಯತೊಡಗಿತು. ಬಿಸಿನೀರು ಮುಕ್ಕಳಿಸಿದ್ದಾಯಿತು, ನಾನು ಅಂಗಡಿಯಿಂದ ತಂದ ಮಾತ್ರೆಗಳೂ ಮುಗಿದವು. ಗಂಟಲಿನ ಡಾಕ್ಟರು ಒಂದು ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಆಮೇಲೆ ನಮ್ಮನ್ನು ಕೂರಿಸಿ ಹೇಳಿದರು. ಗಂಟಲಲ್ಲಿ ಕ್ಯಾನ್ಸರಿನ ಗಡ್ಡೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ತೆಗೆದರೆ ಜೀವ ಉಳಿಯಬಹುದು, ದನಿ ಉಳಿಯುವುದಿಲ್ಲ. ಅಪ್ಪ ಅಣ್ಣನ ಕಡೆ ತಿರುಗಿ, ನಿಮ್ಮಲ್ಲೇ ಒಂದು ಡಬ್ಬಿ ಮಾಡ್ತಾರಲ್ಲ, ಅದು ನನಗೆ ಆಗುತ್ತಾ ಎಂದು ಕೇಳಿದರು. ಅಣ್ಣ “ಆಗುತ್ತಪ್ಪ” ಎಂದ.

ಬೇರೆ ಏನು ಹೇಳಿಯಾನು? ಹಳೆಯ ಡಬ್ಬಿ ಮಾಡುವುದನ್ನು ನಿಲ್ಲಿಸಿದ್ದರು. ಬೇರೆಯವರ ಡಬ್ಬಿಗಳಲ್ಲಿ ಯಂತ್ರದ ದನಿ ಬರುತ್ತಿತ್ತೇ ಹೊರತು ತುಂಬಿಟ್ಟ ದನಿ ಬರುತ್ತಿರಲಿಲ್ಲ. ಜೀವನವಿಡೀ ದನಿಯಿಂದಲೇ ಅನ್ನ ತಿಂದ ಮನುಷ್ಯ ಯಾವುದೋ ಗೊಂಬೆಯ ದನಿಯಲ್ಲಿ ಮಾತಾಡಲು ಒಪ್ಪುವವರಲ್ಲ.

ಆಪರೇಷನ್ನಿಗೆ ಮುಂಚೆ ಮನೆಯಲ್ಲೇ ದನಿ ತುಂಬಿದರು. ಸಾಮಾನು ಕೋಣೆಯ ನಾಲ್ಕೂ ಗೋಡೆಗೆ ಅಣ್ಣ ಕಂಬಳಿ ಇಳಿಬಿಟ್ಟ. ಅಲ್ಲೂ ಅದೇ: ದನಿ ಗೋಡೆಗೆ ಬಡಿದು ವಾಪಸು ಬರಬಾರದು. ಅಪ್ಪ ಒಳಗೆ ಕೂತು, ಅಭ್ಯಾಸಬಲದಿಂದ ಮೈಕನ್ನು ಟಕ್ ಟಕ್ ಎಂದು ಬಡಿದು ಶುರುಮಾಡಿದರು. ನೀರು ಕೊಡಿ, ನೀರು ಬೇಡ, ನೋವಿದೆ, ಎಷ್ಟು ಹೊತ್ತು, ಫ್ಯಾನು ಹಾಕಿ, ಬಾಗಿಲಲ್ಲಿ ಯಾರೋ ಬಂದಿದ್ದಾರೆ ನೋಡಿ. ಎಲ್ಲವನ್ನೂ ಬಸ್ಸು ಹೊರಡಿಸುವ ಗತ್ತಿನಲ್ಲೇ ಹೇಳಿದರು. ನೀರು ಕೇಳಿದರೆ ಮೂರು ಮನೆಯವರು ತಂಬಿಗೆ ಹಿಡಿದು ಬರ್ತಾರೆ ಎಂದು ಅಮ್ಮ ಹೊರಗಿನಿಂದ ರೇಗಿಸಿದಳು. ಕಡೆಗೆ ಅಪ್ಪ, ಇನ್ನೊಂದು ಇದೆ ತಡಿ ಎಂದು, ಒಡೆದ ದನಿಯನ್ನು ತಗ್ಗಿಸಿ, ಪೇಪರಿನ ಹಿಂದಿನಿಂದ ಹೇಳುವ ಹಾಗೆಯೇ ಹೇಳಿದರು: “ಊಟ ಆಯ್ತಾ ಮಗಾ?” ಯಂತ್ರ ನಿಲ್ಲಿಸುವ ನೆಪದಲ್ಲಿ ಅಣ್ಣ ಬಹಳ ಹೊತ್ತು ಬಗ್ಗಿಯೇ ಇದ್ದ. ಅದನ್ನು ಕೆಳಸಾಲಿನ ಕೊನೆಯ ಗುಂಡಿಗೆ ಹಾಕಿದ.

ಆಪರೇಷನ್ ಆಯಿತು. ಅಪ್ಪ ಕೊರಳಲ್ಲಿ ಡಬ್ಬಿ ಹಾಕಿಕೊಂಡು ಮನೆಗೆ ಬಂದರು. ನೀರು ಕೇಳಿದರು, ಫ್ಯಾನು ಹಾಕಿಸಿದರು, ಬಾಗಿಲಿಗೆ ಬಂದ ಹಾಲಿನವನನ್ನು ಬೆಚ್ಚಿಬೀಳಿಸಿದರು. ಎಲ್ಲವೂ ಸುಸೂತ್ರ. ಸಂಜೆ ಅಣ್ಣ ಚಪ್ಪಲಿ ಬಿಡುತ್ತಿದ್ದ ಹಾಗೆ ಕೊನೆಯ ಗುಂಡಿ ಒತ್ತಿದರು. ಡಬ್ಬಿಯ ದೀಪ ಆರಿತು. ಒಂದು ಅಕ್ಷರವೂ ಬರಲಿಲ್ಲ. ತುಸು ಹೊತ್ತಿಗೆ ತಾನಾಗಿಯೇ ಹೊತ್ತಿಕೊಂಡಿತು. ಮತ್ತೆ ಒತ್ತಿದರು, ಮತ್ತೆ ಆರಿತು. ಬೇರೆ ಯಾವ ಗುಂಡಿಗೂ ಹೀಗಾಗುತ್ತಿರಲಿಲ್ಲ.

ಅಣ್ಣ ಡಬ್ಬಿಯನ್ನು ಬಿಚ್ಚಿ ಕೂತ. ಕಾರಣ ಹುಡುಕಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಹುಶಃ ಬೋರ್ಡು ಬರೆದ ದಿನದಿಂದಲೇ ಅವನಿಗೆ ಗೊತ್ತಿತ್ತು. ನನಗೆ ಹೇಳಿದ: ದನಿ ಮೆಮೊರಿಯಲ್ಲಿ ಅಂಕಿಗಳಾಗಿ ಕೂತಿರುತ್ತದೆ. ಗಟ್ಟಿ ದನಿಯ ಅಂಕಿ ದೊಡ್ಡದು, ಒಂದೊಂದು ಸಲ ಒಂದೊಂದು ಗೆರೆ ಏಳುತ್ತೆ, ಬೀಳುತ್ತೆ. ಮೆಲುದನಿ ಹಾಗಲ್ಲ. ಅದು ಸೊನ್ನೆಯ ಹತ್ತಿರವೇ ಸುಳಿಯುತ್ತದೆ, ಒಮ್ಮೆ ಸೊನ್ನೆಯ ಕೂದಲೆಳೆ ಮೇಲೆ, ಒಮ್ಮೆ ಕೂದಲೆಳೆ ಕೆಳಗೆ. ಮೇಲಿದ್ದಾಗ ಗೆರೆಗಳು ಹೆಚ್ಚುಕಡಿಮೆ ಎಲ್ಲವೂ ಸೊನ್ನೆ, ಕೆಳಗಿಳಿದರೆ ಎಲ್ಲವೂ ಒಂದು; ಹಾಗಾಗಿ ಆ ಸೊನ್ನೆಯನ್ನು ದಾಟಿದಾಗಲೆಲ್ಲ ಗೆರೆಗಳೆಲ್ಲ ಒಟ್ಟಿಗೆ ಮಗುಚಿಕೊಳ್ಳುತ್ತವೆ. ನೆಲ ಎಗರುತ್ತದೆ, ಚಿಪ್ಪು ತಪ್ಪು ಓದುತ್ತದೆ, ಡಬ್ಬಿ ಕುಸಿಯುತ್ತದೆ. ಆಫೀಸಿನಲ್ಲಿ ಪರೀಕ್ಷೆ ಮಾಡಿದವರು ಡಬ್ಬಿಯನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿಕೊಂಡು, ಗಟ್ಟಿಯಾಗಿ ಸ್ಪಷ್ಟವಾಗಿ ಮಾತು ತುಂಬಿಸಿ ಪರೀಕ್ಷೆ ಮಾಡಿದ್ದರು. ಯಂತ್ರದ ಮುಂದೆ ಯಾರಾದರೂ ಗುಟ್ಟಾಗಿ ಪಿಸುಗುಟ್ಟುತ್ತಾರೆಯೇ? ಅರ್ಧ ಖಾಲಿಯಾದ ಬ್ಯಾಟರಿ, ಮೆಲ್ಲಗೆ ಆಡಿದ ಮಾತು, ಇವೆರಡೂ ಕೂಡುವುದು ಮನೆಯಲ್ಲಿ ಮಾತ್ರ.

ಅವನು ಮಾಡದ ಉಪಾಯವಿಲ್ಲ. ಕೂದಲಿನಂಥ ತಂತಿಯಲ್ಲಿ ಕೆಪಾಸಿಟರ್ ಬೆಸೆದು ನೋಡಿದ. ಮುಚ್ಚಳ ಮುಚ್ಚಲು ಬರಲಿಲ್ಲ. ಮೆಮೊರಿಯ ವೇಗ ತಗ್ಗಿಸಿದ. ಅಪ್ಪ ಗುಂಡಿ ಒತ್ತಿ, ಎದುರಿನವರು ಎದ್ದು ಹೋದ ಮೇಲೆ ಮಾತು ಬರುತ್ತಿತ್ತು. ಅಂಕಿಗಳನ್ನೇ ಸೊನ್ನೆಯಿಂದ ದೂರಕ್ಕೆ ಸರಿಸಿದ. ಆ ಗುಂಡಿ ಸರಿಹೋಯಿತು, ಆದರೆ ಡಬ್ಬಿ ಯಾವಾಗೆಂದರೆ ಆವಾಗ, ನೀರು ಕೇಳುವಾಗಲೂ ಆರತೊಡಗಿತು. ಮೊದಲು ಯಾವಾಗ ಬೀಳುತ್ತದೆಂದಾದರೂ ತಿಳಿದಿತ್ತು. ಅಪ್ಪನೇ ಸನ್ನೆ ಮಾಡಿ, ಮೊದಲಿನ ಹಾಗೇ ಇರಲಿ ಎಂದರು. ರೋಗ ಬೋರ್ಡಿನಲ್ಲಿತ್ತು, ಮದ್ದು ಎಲ್ಲಿ ಹಚ್ಚಿದರೇನು.

ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ್ದರೆ, ಇಲ್ಲವೇ ಆಗಷ್ಟೇ ಚಾರ್ಜು ತುಂಬಿದ್ದರೆ ಮಾತ್ರ ಆ ಮಾತು ಬರುತ್ತಿತ್ತು. ಹಾಗಾಗಿ ಸಂಜೆಯಾಗುತ್ತಿದ್ದಂತೆ ಅಪ್ಪ ಕುರ್ಚಿಯನ್ನು ಗೋಡೆಯ ಹತ್ತಿರಕ್ಕೆ ಎಳೆದುಕೊಂಡು, ಕೊರಳಿನಿಂದ ಗೋಡೆಗೆ ವೈರು ಎಳೆದು, ಮಗನಿಗಾಗಿ ಕಾಯುವರು. ಅಣ್ಣ ಬಂದ ಕೂಡಲೇ ಗುಂಡಿ. “ಊಟ ಆಯ್ತಾ ಮಗಾ?” ಅವನು ಆಯ್ತಪ್ಪ ಎಂದು ಹೇಳಿ ಸೀದಾ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸುವನು. ಕೈಕಾಲು ತೊಳೆಯಲು ಅಷ್ಟು ಹೊತ್ತು ಬೇಕಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಕಟ್ಟಿಹಾಕಿದ ಹಾಗಿದೆಯಲ್ಲೇ ಎಂದು ಅಮ್ಮ ಒಂದು ದಿನ ವೈರು ನೋಡಿ ಅತ್ತುಬಿಟ್ಟಳು.

ಅಣ್ಣ ಮತ್ತೆ ಆಫೀಸಿನಲ್ಲಿ ಸಭೆ ಕೂಡಿಸಿದ. ಕೊಟ್ಟ ಡಬ್ಬಿಗಳನ್ನೆಲ್ಲ ವಾಪಸು ತರಿಸಿ ಬೋರ್ಡು ಬದಲಿಸಬೇಕು ಎಂಬುದು ಅವನ ಮಾತು. ಅಪ್ಪನ ಡಬ್ಬಿಯನ್ನೇ ತೋರಿಸಲು ಒಯ್ದ. ಮುಖ್ಯವಾದ ದಿನವೆಂದು ಅಮ್ಮ ಡಬ್ಬಿಯನ್ನು ಒರೆಸಿ, ಬೆಳಗಿನಿಂದಲೇ ಪ್ಲಗ್ಗಿಗೆ ಹಾಕಿಟ್ಟಿದ್ದಳು. ಇವನೂ ತಲೆಬಿಸಿಯಲ್ಲಿ ನೋಡಲಿಲ್ಲ. ತುಂಬಿದ ಬ್ಯಾಟರಿಯ ಮೇಲೆ ಆ ದರಿದ್ರ ಡಬ್ಬಿ ಸಭೆಯ ನಡುವೆ ಸ್ಪಷ್ಟವಾಗಿ ಕೇಳಿತು: “ಊಟ ಆಯ್ತಾ ಮಗಾ?” ಮತ್ತೆ ಒತ್ತಿದ, ಮತ್ತೆ ಕೇಳಿತು. ಮೂಲೆಯಲ್ಲಿದ್ದ ಯಾರೋ ಆಯ್ತು ಸಾರ್ ಎಂದರಂತೆ. ಎಲ್ಲರೂ ನಕ್ಕರಂತೆ. ಕೆಟ್ಟ ನಗುವಲ್ಲ, ಅವರಿಗೇನು ಗೊತ್ತು. ಆಮೇಲೆ ದೊಡ್ಡವರು, ವಾಪಸು ತರಿಸಬೇಕು ಅನ್ನುವವರು ಕೈ ಎತ್ತಿ ಎಂದರು. ಅಣ್ಣ ಎತ್ತಿದ. ಸುತ್ತ ನೋಡಿದ. ಬೇರೆ ಒಂದು ಕೈಯೂ ಮೇಲಿರಲಿಲ್ಲ. ಎತ್ತಿದ ಕೈಯನ್ನು ಇಳಿಸುವುದು ಹೇಗೆಂದು ತಿಳಿಯದೆ ಹಾಗೇ ಇಟ್ಟುಕೊಂಡಿದ್ದನಂತೆ.

ಬರುವಾಗ ಬಸ್ಸಿನಲ್ಲಿ ಒತ್ತಿ ನೋಡಿದ. ಅಷ್ಟು ಹೊತ್ತಿಗೆ ಚಾರ್ಜು ಇಳಿದಿತ್ತು. ದೀಪ ಆರಿತು.

“ಒಂದೇ ಗೆರೆ ಎದ್ರೆ ನೆಲ ಅಲ್ಲಾಡಲ್ಲ ಪುಟ್ಟಿ,” ಎಂದ ಮನೆಗೆ ಬಂದು. “ಅದು ನಾನೇ ಎಲ್ಲರಿಗೂ ಹೇಳಿಕೊಟ್ಟ ಪಾಠ.”

ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಅನ್ನುತ್ತಾರೆ. ಇವರು ಅದನ್ನೂ ಹಾಕಲಿಲ್ಲ. ಸಾಧ್ಯವಾದಾಗ ಡಬ್ಬಿಯನ್ನು ಪ್ಲಗ್ಗಿಗೆ ಸಿಕ್ಕಿಸಿಯೇ ಬಳಸಿ ಎಂದು ಒಂದು ಸಾಲು ಅಚ್ಚು ಹಾಕಿಸಿ ಎಲ್ಲರಿಗೂ ಕಳಿಸಿದರು. ನಮ್ಮ ಮನೆಗೂ ಒಂದು ಬಂತು. ನನಗೆ ಅದನ್ನು ಹರಿದು ಒಲೆಗೆ ಹಾಕಬೇಕೆನಿಸಿತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ? ಅಲ್ಲಿ ಕೆಟ್ಟವರು ಯಾರೂ ಇರಲಿಲ್ಲ, ಕೈ ಎತ್ತಿದವರು ಮಾತ್ರ ಇದ್ದರು. ಅವರಲ್ಲಿ ಒಬ್ಬ ನಮ್ಮ ಮನೆಯಲ್ಲೇ ತಟ್ಟೆಯ ಮುಂದೆ ಕೈ ಚೆಲ್ಲಿ ಕೂತಿದ್ದ.

ಅಪ್ಪನ ಗಂಟಲಿನ ಗಡ್ಡೆ ಮತ್ತೆ ತಲೆಯೆತ್ತಿತು. ಇನ್ನೊಂದು ಆಪರೇಷನ್ ಎಂದರು ಡಾಕ್ಟರು, ಈ ಸಲ ನಮ್ಮ ಮುಖ ನೋಡದೆ. ಬೆಳಿಗ್ಗೆ ಬೇಗ ಬನ್ನಿ ಎಂದು ಹೇಳಿ, ಮಧ್ಯಾಹ್ನ ಕಳೆದರೂ ಹೊರಗೇ ಕೂರಿಸಿದ್ದರು. ಅಪ್ಪ ತಳ್ಳುಮಂಚದ ಮೇಲೆ ಮಲಗಿದ್ದರು, ಎದೆಯ ಮೇಲೆ ಡಬ್ಬಿ. ನೋವಿದೆ, ನೀರು ಬೇಡ, ಎಷ್ಟು ಹೊತ್ತು ಎಂದು ಆಗಾಗ ಬಸ್ ನಿಲ್ದಾಣದ ದನಿಯಲ್ಲಿ ಕೇಳುತ್ತಿದ್ದರು. ಪಡಸಾಲೆಯಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ಅಣ್ಣ ಮಾತ್ರ ಡಬ್ಬಿಯ ಚಾರ್ಜಿನ ಗುರುತು ಇಳಿಯುವುದನ್ನು ನೋಡುತ್ತಿದ್ದ. ಆಮೇಲೆ ಎದ್ದು ಗೋಡೆಯುದ್ದಕ್ಕೂ ಬಗ್ಗಿ ಪ್ಲಗ್ ಹುಡುಕತೊಡಗಿದ. ಒಂದಕ್ಕೆ ಕರೆಂಟಿರಲಿಲ್ಲ, ಇನ್ನೊಂದು ನೀರಿನ ಯಂತ್ರದ ಹಿಂದೆ ಸಿಕ್ಕಿಕೊಂಡಿತ್ತು. ಆ ಯಂತ್ರವನ್ನು ಒಬ್ಬನೇ ಸರಿಸಲು ಹೆಣಗುತ್ತಿದ್ದಾಗ ಒಳಗಿನಿಂದ ಕರೆ ಬಂತು. ತಳ್ಳುವವನು ಮಂಚದ ಬ್ರೇಕು ಒದ್ದು ಬಿಡಿಸಿದ. ಅಣ್ಣ ಅಲ್ಲಿಂದ ಓಡಿ ಬಂದ.

ಅಪ್ಪ ಆ ಬಾಗಿಲಿನಿಂದ ಮತ್ತೆ ಜೀವದೊಂದಿಗೆ ಹೊರಗೆ ಬರಲಿಲ್ಲ. ಆಗ ನಮಗೆ ಅದು ತಿಳಿದಿರಲಿಲ್ಲ. ಅವರಿಗೆ ತಿಳಿದಿತ್ತೋ ಏನೋ. ಅಣ್ಣನನ್ನು ನೋಡಿದರು, ಬೆರಳನ್ನು ಕೆಳಸಾಲಿನ ಕೊನೆಗೆ ಒಯ್ದು ಒತ್ತಿದರು.

ದೀಪ ಆರಿತು.

ಅಪ್ಪ ಡಬ್ಬಿಯನ್ನೊಮ್ಮೆ ನೋಡಿದರು. ಎರಡು ಬೆರಳಿನಿಂದ ಅದನ್ನು ಟಕ್ ಟಕ್ ಎಂದು ಬಡಿದರು. ಮತ್ತೆ ಒತ್ತಿದರು. ತಳ್ಳುವವನು ಹೊತ್ತಾಯ್ತು ಎಂದು ಗೊಣಗಿದ. ಡಬ್ಬಿ ಒಳಗೆ ತರುವಂತಿಲ್ಲ ಎಂದು ನರ್ಸಮ್ಮ ಅದನ್ನು ಅಪ್ಪನ ಕೊರಳಿನಿಂದ ತೆಗೆದು ನನ್ನ ಕೈಗೆ ಕೊಟ್ಟಳು. ಅಪ್ಪನ ಬೆರಳು ಖಾಲಿ ಎದೆಯ ಮೇಲೆ, ಗುಂಡಿ ಇದ್ದ ಜಾಗದಲ್ಲೇ ಇನ್ನೂ ಒತ್ತಿಕೊಂಡಿತ್ತು.

ಅಣ್ಣ ಮಂಚದ ಸರಳು ಹಿಡಿದು ಜೊತೆಗೇ ನಡೆಯುತ್ತಾ ಬಗ್ಗಿದ.

“ಆಯ್ತಪ್ಪ,” ಎಂದ. “ಆಗ್ಲೇ ಆಯ್ತು.”

ಅಪ್ಪನ ಬೆರಳು ಸಡಿಲವಾಯಿತು. ಬಾಗಿಲು ಮುಚ್ಚಿತು. ಹಿಂದಿನ ದಿನದಿಂದ ಅವನು ಒಂದು ತುತ್ತೂ ಉಂಡಿರಲಿಲ್ಲ.